ಫೋಟೋ ಎಲ್ಲಿ ಹೋಯಿತು? ಪಿಡಿಎಫ್ ಪ್ರಿಂಟ್ ತೆಗೆಯುವಾಗ ಚಿತ್ರ ಮಾಯವಾದರೆ ಏನು ಮಾಡಬೇಕು



ನನ್ನದು ಹೆಚ್.ಇ.ಬಿ.ಎ. ಕಾಂಬಿನೇಷನ್. ಕಂಪ್ಯೂಟರ್ ಸೈನ್ಸ್ ನನ್ನ ವಿಷಯವಲ್ಲ. ಆದರೆ ಸಂಜೆ ಮಗ್ರಿಬ್ ನಮಾಜಿನ ನಂತರ ನನ್ನ ಮಾಮುವಿನ ಜೆರಾಕ್ಸ್ ಅಂಗಡಿಯಲ್ಲಿ ಎರಡು ಗಂಟೆ ಕೂರುತ್ತೇನೆ. ಹಾಗಾಗಿ ಪ್ರಾಜೆಕ್ಟ್, ಹಾಲ್ ಟಿಕೆಟ್, ಅರ್ಜಿ, ಶಾದಿ ಕಾರ್ಡ್ ಎಂದು ದಿನಕ್ಕೆ ಹತ್ತಾರು ಪಿಡಿಎಫ್‌ಗಳು ನನ್ನ ಕೈ ದಾಟಿ ಹೋಗುತ್ತವೆ. ಅವುಗಳಲ್ಲಿ ಒಂದರಲ್ಲಿ ನಾನು ಮಾಡಿದ ತಪ್ಪಿನಿಂದ ಈ ಪಾಠ ಕಲಿತೆ. ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಉರ್ದು. ನನ್ನ ಕನ್ನಡವನ್ನು ನಮ್ಮ ಕನ್ನಡ ಉಪನ್ಯಾಸಕರು ತಿದ್ದಿಕೊಟ್ಟಿದ್ದಾರೆ. ಇನ್ನೂ ತಪ್ಪು ಉಳಿದಿದ್ದರೆ ಅದು ನನ್ನದೇ.

ಒಂಬತ್ತನೇ ಪುಟ

ನಮ್ಮ ರಾಮನಗರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟ್‌ಗೆ ನಾನೂ ನನ್ನ ಗೆಳೆಯನೂ ಒಂದು ನೂಲು ಬಿಚ್ಚಾಣಿಕೆ ಘಟಕವನ್ನು ವಿಷಯವಾಗಿ ಆರಿಸಿಕೊಂಡೆವು. ಗೂಡಿನ ಖರೀದಿ, ಸೌದೆ ಖರ್ಚು, ಕೂಲಿ, ನೂಲಿನ ಮಾರಾಟ ಎಲ್ಲವನ್ನೂ ಕೇಳಿ ಬರೆದುಕೊಂಡೆವು. ಗೆಳೆಯನ ಅಮ್ಮಿ ಅಂಥದೇ ಘಟಕದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಾರೆ. ನಾನು ಅವರನ್ನು ಖಾಲಾ ಎಂದು ಕರೆಯುತ್ತೇನೆ. ಅವರು ಬೇಸಿನ್ ಮುಂದೆ ಕೂತು, ಬಿಸಿನೀರಿನಲ್ಲಿರುವ ಗೂಡಿನಿಂದ ಎಳೆ ಹಿಡಿಯುವ ಫೋಟೋ ಒಂದು ಬೇಕಾಗಿತ್ತು. ಖಾಲಾ ಒಪ್ಪಲಿಲ್ಲ. "ನೀರಲ್ಲಿ ನೆನೆದು ಬೆಳ್ಳಗಾದ ಕೈ, ಹಳೇ ದುಪಟ್ಟಾ, ಇದನ್ನೆಲ್ಲ ಕಾಲೇಜಿನ ಪುಸ್ತಕದಲ್ಲಿ ಯಾರಾದರೂ ಹಾಕುತ್ತಾರಾ ಬೇಟಾ?" ಎಂದರು. ಎರಡು ದಿನ ಹಿಂದೆ ಬಿದ್ದು ಕೇಳಿದ ಮೇಲೆ ಹೂಂ ಅಂದರು.

ಅಷ್ಟರಲ್ಲಿ ನಾವು ಪ್ರಾಜೆಕ್ಟ್ ಟೈಪ್ ಮಾಡಿ ಪಿಡಿಎಫ್ ಮಾಡಿ ಮಿಸ್‌ಗೆ ಕಳುಹಿಸಿ ಆಗಿತ್ತು. ಒಂಬತ್ತನೇ ಪುಟದಲ್ಲಿ ಫೋಟೋಗೆಂದು ಖಾಲಿ ಚೌಕ ಬಿಟ್ಟಿದ್ದೆವು. ಮಿಸ್ ಅದೇ ಪಿಡಿಎಫ್‌ನಲ್ಲಿ ಮೌಖಿಕ ಪರೀಕ್ಷೆಗೆ ಓದಿಕೊಂಡು ಬರಬೇಕಾದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ, ಅಲ್ಲಲ್ಲಿ ಚಿಕ್ಕ ಟಿಪ್ಪಣಿ ಹಾಕಿ, "ಫೋಟೋ ಸೇರಿಸಿ ಪ್ರಿಂಟ್ ತೆಗೆಸಿ" ಎಂದು ವಾಪಸ್ ಕಳುಹಿಸಿದರು. ಮೂಲ ವರ್ಡ್ ಫೈಲ್ ಗೆಳೆಯನ ಅಣ್ಣನ ಲ್ಯಾಪ್‌ಟಾಪ್‌ನಲ್ಲಿತ್ತು. ಅಣ್ಣ ಬೆಂಗಳೂರಿಗೆ ಹೋಗಿದ್ದರು. ಗೆಳೆಯ ಫೋನಿನ ಒಂದು ಆ್ಯಪ್‌ನಲ್ಲಿ ಆ ಪಿಡಿಎಫ್ ತೆರೆದು ಖಾಲಿ ಚೌಕದ ಮೇಲೆ ಖಾಲಾ ಫೋಟೋ ಕೂರಿಸಿ ನನಗೆ ಕಳುಹಿಸಿದ. "ಮಿಸ್ ಹಾಕಿರೋ ಹಳದಿ ಗುರುತು ಮಾತ್ರ ಪ್ರಿಂಟ್ ಆಗಬಾರದು" ಎಂದ.

ಅಂಗಡಿ ತುಂಬ ಜನ ಇದ್ದರು. ಅಕ್ರೋಬ್ಯಾಟ್ ರೀಡರ್‌ನಲ್ಲಿ ಫೈಲ್ ತೆರೆದೆ. ಒಂಬತ್ತನೇ ಪುಟದಲ್ಲಿ ಫೋಟೋ ಚೆನ್ನಾಗಿ ಕಾಣುತ್ತಿತ್ತು. ಪ್ರಿಂಟ್ ವಿಂಡೋದಲ್ಲಿ "ಕಾಮೆಂಟ್ಸ್ ಅಂಡ್ ಫಾರ್ಮ್ಸ್" ಎಂಬಲ್ಲಿ "ಡಾಕ್ಯುಮೆಂಟ್" ಎಂದು ಆರಿಸಿದೆ. ಹಳದಿ ಗುರುತು ಹೋಯಿತು. ಇಪ್ಪತ್ತೆರಡು ಪುಟ ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಹಾಕಿ ಕೊಟ್ಟುಬಿಟ್ಟೆ. ಒಂದು ಪುಟವನ್ನೂ ತಿರುವಿ ನೋಡಲಿಲ್ಲ.

ರಾತ್ರಿ ಒಂಬತ್ತೂವರೆಗೆ ಗೆಳೆಯ ಓಡಿ ಬಂದ. ಮಾಮು ಅರ್ಧ ಷಟರ್ ಎಳೆದಿದ್ದರು. ಖಾಲಾಗೆ ತೋರಿಸೋಣವೆಂದು ಪ್ರಾಜೆಕ್ಟ್ ತೆರೆದರೆ ಒಂಬತ್ತನೇ ಪುಟದಲ್ಲಿ ಬರೀ ಚೌಕವಿತ್ತು. ಕೆಳಗೆ "ಚಿತ್ರ 3: ಬೇಸಿನ್ ಮುಂದೆ ನೂಲು ಬಿಚ್ಚುತ್ತಿರುವ ಕೆಲಸಗಾರ್ತಿ" ಎಂಬ ಸಾಲು ಮಾತ್ರ ಇತ್ತು. ಖಾಲಾ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿ ಕಾಣಲ್ಲ ಅಂತ ತೆಗೆದುಬಿಟ್ಟಿರಾ?" ಎಂದು ಕೇಳಿದರಂತೆ. ಗೆಳೆಯ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಬೆಳಗ್ಗೆ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು.

ನಾನು ಮಾಡಿದ ಎರಡನೇ ತಪ್ಪು

ಮೊದಲ ತಪ್ಪು ನೋಡದೆ ಪ್ರಿಂಟ್ ತೆಗೆದದ್ದು. ಎರಡನೆಯದು, ಕಾರಣ ಹುಡುಕದೆ ಸಿಕ್ಕಿದ್ದನ್ನೆಲ್ಲ ಬದಲಾಯಿಸಲು ಹೊರಟದ್ದು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ. ಹೆಡ್ ಕ್ಲೀನಿಂಗ್ ಕೊಟ್ಟು ಶಾಯಿ ಹಾಳು ಮಾಡಿದೆ. ಇನ್ನೊಂದು ಪ್ರಿಂಟರ್‌ಗೆ ಕಳುಹಿಸಿದೆ. ಯಾರೋ ಹೇಳಿದ್ದ "ಪ್ರಿಂಟ್ ಆ್ಯಸ್ ಇಮೇಜ್" ಕೂಡ ಹಾಕಿ ನೋಡಿದೆ. ಪ್ರತಿ ಸಲವೂ ಅದೇ ಖಾಲಿ ಚೌಕ ಬಂತು.

ಮಾಮು ಹತ್ತಿರ ಬಂದು, "ಪ್ರಿಂಟರ್ ಮೇಲೆ ಯಾಕೆ ಸಿಟ್ಟು? ಅದರ ಕೈಗೆ ಫೋಟೋ ತಲುಪಿದೆಯೋ ಇಲ್ಲವೋ ಮೊದಲು ನೋಡು" ಎಂದು ಪ್ರಿಂಟ್ ವಿಂಡೋದ ಬಲಗಡೆಯ ಚಿಕ್ಕ ಚಿತ್ರದ ಕಡೆ ಬೆರಳು ತೋರಿಸಿದರು. ಅದು ಪ್ರಿವ್ಯೂ. ಕಾಗದದ ಮೇಲೆ ಏನು ಬರಲಿದೆ ಎಂಬುದನ್ನು ಅದು ಮೊದಲೇ ತೋರಿಸುತ್ತದೆ. ಅದರಲ್ಲೂ ಒಂಬತ್ತನೇ ಪುಟದ ಚೌಕ ಖಾಲಿ ಇತ್ತು! ಅಂದರೆ ಫೋಟೋ ಪ್ರಿಂಟರ್‌ವರೆಗೆ ಹೋಗಿಯೇ ಇರಲಿಲ್ಲ. ನಾನು ಅರ್ಧ ಗಂಟೆ ನಿರಪರಾಧಿಯ ವಿಚಾರಣೆ ನಡೆಸಿದ್ದೆ.

ಅಕೌಂಟೆನ್ಸಿ ಓದುವವರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಇಡೀ ಲೆಡ್ಜರನ್ನು ಅಳಿಸಿ ಬರೆಯುವುದಿಲ್ಲ. ಮೊದಲು ಕೂಡಿಸಿದ್ದು ಸರಿಯೇ ನೋಡುತ್ತೇವೆ. ಆಮೇಲೆ ಲೆಡ್ಜರ್‌ನಿಂದ ಬಾಕಿ ಸರಿಯಾಗಿ ಬಂದಿದೆಯೇ, ಅದಾದ ಮೇಲೆ ಜರ್ನಲ್‌ನಿಂದ ಲೆಡ್ಜರ್‌ಗೆ ಸರಿಯಾಗಿ ಹೋಗಿದೆಯೇ ಎಂದು ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತೇವೆ. ಲೆಕ್ಕ ಎಲ್ಲಿಯವರೆಗೆ ಸರಿ ಇತ್ತು, ಎಲ್ಲಿಂದ ತಪ್ಪಿತು ಎಂಬ ಜಾಗ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಪಿಡಿಎಫ್‌ನಲ್ಲಿ ಕಳೆದ ಚಿತ್ರವನ್ನೂ ಹಾಗೆಯೇ ಹುಡುಕಬೇಕು.

ತೆರೆಯ ಮೇಲೆ ಇದ್ದದ್ದು ಕಾಗದಕ್ಕೆ ಏಕೆ ಬರಲಿಲ್ಲ?

ಇದಕ್ಕೆ ಪಿಡಿಎಫ್ ಎಂದರೇನು ಎಂದು ಸ್ವಲ್ಪ ತಿಳಿಯಬೇಕು. ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ, ಯಾವ ಪ್ರಿಂಟರ್‌ನಲ್ಲಿ ತೆಗೆದರೂ ಪುಟ ಒಂದೇ ರೀತಿ ಇರಬೇಕು ಎಂಬ ಆಸೆಯಿಂದ ಅಡೋಬಿ ಕಂಪನಿಯ ಜಾನ್ ವಾರ್ನಾಕ್ 1991ರಲ್ಲಿ ಒಂದು ಯೋಜನೆ ಮುಂದಿಟ್ಟರು. ಅದರ ಫಲವಾಗಿ 1993ರಲ್ಲಿ ಪಿಡಿಎಫ್ ಬಂತು. 2008ರಲ್ಲಿ ಅದು ಐಎಸ್ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು.

ಪಿಡಿಎಫ್ ಪುಟವನ್ನು ನಾವು ಒಂದು ಫೋಟೋದಂತೆ ಭಾವಿಸುತ್ತೇವೆ. ಆದರೆ ಅದು ಹಾಗಲ್ಲ. ಅದರಲ್ಲಿ ಅಕ್ಷರ ಬೇರೆ, ಚಿತ್ರ ಬೇರೆ, ಗೆರೆ ಬೇರೆ. "ಈ ಅಕ್ಷರವನ್ನು ಇಲ್ಲಿಡು, ಈ ಚಿತ್ರವನ್ನು ಅಲ್ಲಿಡು" ಎಂಬ ಸೂಚನೆಗಳ ಪಟ್ಟಿ ಅದು. ಆದ್ದರಿಂದಲೇ ಅಕ್ಷರವೆಲ್ಲ ಸರಿಯಾಗಿ ಬಂದು ಚಿತ್ರ ಮಾತ್ರ ತಪ್ಪಿಸಿಕೊಳ್ಳಬಹುದು.

ಇನ್ನೊಂದು ಮುಖ್ಯ ವಿಷಯವಿದೆ. ಪುಟದ ಒಳಗಿರುವುದು ಒಂದು, ಪುಟದ ಮೇಲೆ ಆಮೇಲೆ ಹಾಕಿದ್ದು ಇನ್ನೊಂದು. ಟೇಬಲ್ ಮೇಲೆ ಒಂದು ಕಾಗದವಿಟ್ಟು ಅದರ ಮೇಲೆ ಗಾಜು ಹೊದಿಸಿದ್ದೇವೆ ಎಂದುಕೊಳ್ಳಿ. ಗಾಜಿನ ಮೇಲೆ ಸ್ಕೆಚ್ ಪೆನ್‌ನಲ್ಲಿ ಗುರುತು ಹಾಕಿದರೆ, ಒಂದು ಫೋಟೋ ಅಂಟಿಸಿದರೆ, ಮೇಲಿಂದ ನೋಡುವವರಿಗೆ ಎಲ್ಲವೂ ಕಾಗದದಲ್ಲೇ ಇರುವಂತೆ ಕಾಣುತ್ತದೆ. ಗಾಜು ಸರಿಸಿ ಕಾಗದ ಕೈಗೆತ್ತಿಕೊಂಡರೆ ಅದರಲ್ಲಿ ಏನೂ ಇರುವುದಿಲ್ಲ. ಮಿಸ್ ಹಚ್ಚಿದ ಹಳದಿ ಬಣ್ಣ ಗಾಜಿನ ಮೇಲಿತ್ತು. ಗೆಳೆಯ ಫೋನಿನಲ್ಲಿ ಕೂರಿಸಿದ ಖಾಲಾ ಫೋಟೋ ಕೂಡ ಗಾಜಿನ ಮೇಲೇ ಇತ್ತು. ಇಂಥದ್ದನ್ನೆಲ್ಲ ರೀಡರ್ "ಮಾರ್ಕಪ್" ಎನ್ನುತ್ತದೆ. ನಾನು "ಡಾಕ್ಯುಮೆಂಟ್" ಎಂದು ಆರಿಸಿದಾಗ ರೀಡರ್ ಗಾಜನ್ನೇ ತೆಗೆದು ಕಾಗದ ಮಾತ್ರ ಪ್ರಿಂಟರ್‌ಗೆ ಕೊಟ್ಟಿತು. ಹಳದಿಯ ಜೊತೆಗೆ ಫೋಟೋವೂ ಹೋಯಿತು. ಅದು ನಾನು ಹೇಳಿದ್ದನ್ನೇ ಮಾಡಿತ್ತು.

ನಿಮ್ಮ ಫೈಲ್‌ನಲ್ಲಿರುವ ಚಿತ್ರ ಗಾಜಿನ ಮೇಲಿದೆಯೋ ಕಾಗದದಲ್ಲಿದೆಯೋ ಎಂದು ತಿಳಿಯುವುದು ಸುಲಭ. ರೀಡರ್‌ನಲ್ಲಿ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಸುತ್ತ ಚೌಕ ಮೂಡಿ, ಎಳೆದರೆ ಜರುಗುವಂತಿದ್ದರೆ, ಅಥವಾ ಪಕ್ಕದ ಕಾಮೆಂಟ್ಸ್ ಪಟ್ಟಿಯಲ್ಲಿ ಅದರ ಹೆಸರಿದ್ದರೆ, ಅದು ಮೇಲೆ ಹಾಕಿದ ಚಿತ್ರ.

ಪ್ರಿಂಟ್ ವಿಂಡೋದ ಆ ಪಟ್ಟಿಯಲ್ಲಿ ಗಮನಿಸಬೇಕಾದ ಮೂರು ಆಯ್ಕೆಗಳಿವೆ:

• ಡಾಕ್ಯುಮೆಂಟ್: ಪುಟದ ಒಳಗಿರುವುದು ಮಾತ್ರ ಬರುತ್ತದೆ. ತುಂಬಿದ ಫಾರ್ಮ್ ಇದ್ದರೆ ಅದೂ ಬರುತ್ತದೆ.
• ಡಾಕ್ಯುಮೆಂಟ್ ಅಂಡ್ ಮಾರ್ಕಪ್ಸ್: ಮೇಲೆ ಹಾಕಿದ ಗುರುತು, ಬಣ್ಣ, ಚಿತ್ರ ಎಲ್ಲವೂ ಬರುತ್ತವೆ.
• ಡಾಕ್ಯುಮೆಂಟ್ ಅಂಡ್ ಸ್ಟ್ಯಾಂಪ್ಸ್: ಪುಟದ ಜೊತೆಗೆ ಸ್ಟ್ಯಾಂಪ್ ರೂಪದಲ್ಲಿ ಹಾಕಿದ್ದು ಮಾತ್ರ ಬರುತ್ತದೆ. ಬಣ್ಣ ಹಚ್ಚಿದ್ದು, ಟಿಪ್ಪಣಿ ಬರುವುದಿಲ್ಲ.

ಮೊಬೈಲ್ ಆ್ಯಪ್‌ಗಳಲ್ಲಿ ಸೇರಿಸಿದ ಚಿತ್ರ ಹಲವು ಸಲ ಸ್ಟ್ಯಾಂಪ್ ಆಗಿಯೇ ಕೂರುತ್ತದೆ. ಮೂರನೆಯದನ್ನು ಆರಿಸಿದೆ. ಪ್ರಿವ್ಯೂನಲ್ಲಿ ಹಳದಿ ಇರಲಿಲ್ಲ, ಖಾಲಾ ಇದ್ದರು! ಒಂಬತ್ತನೇ ಪುಟ ಒಂದನ್ನೇ ಪ್ರಿಂಟ್ ತೆಗೆದು, ಸ್ಪೈರಲ್ ಬಿಚ್ಚಿ, ಹಳೆಯ ಪುಟದ ಜಾಗಕ್ಕೆ ಹಾಕಿದೆವು.

ಒಂದು ಎಚ್ಚರಿಕೆ. ಇಂಥ ಪ್ರತಿಯೊಂದು ಚಿತ್ರಕ್ಕೂ "ಪ್ರಿಂಟ್ ಆಗಲಿ" ಎಂಬ ಒಂದು ಒಳಗುರುತು ಇರುತ್ತದೆ. ಚಿತ್ರ ಹಾಕಿದ ಆ್ಯಪ್ ಆ ಗುರುತನ್ನು ಕೊಡದಿದ್ದರೆ, ತೆರೆಯ ಮೇಲೆ ಕಂಡರೂ ಕಾಗದಕ್ಕೆ ಬರುವುದಿಲ್ಲ. ಆಗ ಆ್ಯಪ್‌ನಲ್ಲಿ "ಫ್ಲಾಟನ್" ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ ಹೊಸ ಪ್ರತಿ ಉಳಿಸಿ. ಫ್ಲಾಟನ್ ಎಂದರೆ ಗಾಜಿನ ಮೇಲಿನದ್ದನ್ನು ಕಾಗದಕ್ಕೇ ಇಳಿಸುವುದು. ಎಲ್ಲಕ್ಕಿಂತ ಒಳ್ಳೆಯ ದಾರಿ, ವರ್ಡ್ ಫೈಲ್‌ನಲ್ಲೇ ಚಿತ್ರ ಸೇರಿಸಿ ಹೊಸದಾಗಿ ಪಿಡಿಎಫ್ ಮಾಡುವುದು.

ನಾಲ್ಕು ನಿಲ್ದಾಣ

ಅಂದಿನಿಂದ ಅಂಗಡಿಯಲ್ಲಿ ಯಾರಾದರೂ "ಚಿತ್ರ ಬಂದಿಲ್ಲ" ಎಂದರೆ ನಾನು ನಾಲ್ಕು ಜಾಗಗಳನ್ನು ಕ್ರಮವಾಗಿ ನೋಡುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತೇನೆ.

1. ಫೈಲ್. ತೆರೆಯ ಮೇಲೆಯೇ ಚಿತ್ರ ಕಾಣುತ್ತಿಲ್ಲವೇ? ಹಾಗಾದರೆ ಪ್ರಿಂಟರ್ ಕಡೆ ನೋಡಲೇಬೇಡಿ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು. ಮತ್ತೆ ಡೌನ್‌ಲೋಡ್ ಮಾಡಿ, ಅಥವಾ ಕಳುಹಿಸಿದವರಿಂದ ಮತ್ತೆ ತರಿಸಿಕೊಳ್ಳಿ. ವರ್ಡ್‌ನಿಂದ ನೇರವಾಗಿ ಪ್ರಿಂಟ್ ತೆಗೆಯುವವರು ಆಪ್ಷನ್ಸ್ ಒಳಗೆ ಡಿಸ್‌ಪ್ಲೇ ವಿಭಾಗದಲ್ಲಿ "ಪ್ರಿಂಟ್ ಡ್ರಾಯಿಂಗ್ಸ್ ಕ್ರಿಯೇಟೆಡ್ ಇನ್ ವರ್ಡ್" ಎಂಬಲ್ಲಿ ಟಿಕ್ ಇದೆಯೇ ನೋಡಿ. ಅಡ್ವಾನ್ಸ್ಡ್ ವಿಭಾಗದಲ್ಲಿ "ಯೂಸ್ ಡ್ರಾಫ್ಟ್ ಕ್ವಾಲಿಟಿ" ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ.

2. ತೆರೆಯುವ ತಂತ್ರಾಂಶ. ಪಿಡಿಎಫ್ ಅನ್ನು ಬ್ರೌಸರ್‌ನಲ್ಲೂ ತೆರೆಯಬಹುದು, ರೀಡರ್‌ನಲ್ಲೂ ತೆರೆಯಬಹುದು. ಎರಡೂ ಒಂದೇ ಫೈಲನ್ನು ತಮ್ಮದೇ ರೀತಿಯಲ್ಲಿ ಓದುತ್ತವೆ. ಒಂದು ಸಲ ಒಬ್ಬ ವಿದ್ಯಾರ್ಥಿನಿ ಹಾಲ್ ಟಿಕೆಟ್ ತಂದಿದ್ದಳು. ಬ್ರೌಸರ್‌ನಿಂದ ಪ್ರಿಂಟ್ ತೆಗೆದರೆ ಭಾವಚಿತ್ರವೇ ಇಲ್ಲ. ಫೈಲನ್ನು ಕಂಪ್ಯೂಟರ್‌ಗೆ ಉಳಿಸಿಕೊಂಡು ರೀಡರ್‌ನಲ್ಲಿ ತೆರೆದೆ, ಭಾವಚಿತ್ರ ಬಂತು. ಆದ್ದರಿಂದ ಯಾವಾಗಲೂ ಮೊದಲು ಉಳಿಸಿ, ಆಮೇಲೆ ತೆರೆಯಿರಿ.

3. ಪ್ರಿಂಟ್ ವಿಂಡೋ. ತೆರೆಯಲ್ಲಿ ಇದೆ, ಪ್ರಿವ್ಯೂನಲ್ಲಿ ಇಲ್ಲ ಎಂದರೆ ಕಾರಣ ಇಲ್ಲೇ ಇದೆ. ಮೇಲೆ ಹೇಳಿದ ಕಾಮೆಂಟ್ಸ್ ಅಂಡ್ ಫಾರ್ಮ್ಸ್ ಆಯ್ಕೆ ನೋಡಿ. ಡಿಸೈನ್ ಮಾಡಿದ ಫೈಲ್‌ಗಳಲ್ಲಿ ಲೇಯರ್‌ಗಳೂ ಇರುತ್ತವೆ. ಒಂದು ಲೇಯರನ್ನು "ತೆರೆಯಲ್ಲಿ ತೋರಿಸು, ಪ್ರಿಂಟ್ ಮಾಡಬೇಡ" ಎಂದು ಇಟ್ಟಿರಬಹುದು. ಅದನ್ನು ಫೈಲ್ ಮಾಡಿದವರಿಂದಲೇ ಸರಿ ಮಾಡಿಸುವುದು ಒಳ್ಳೆಯದು.

4. ಪ್ರಿಂಟರ್. ಪ್ರಿವ್ಯೂನಲ್ಲಿ ಇದೆ, ಕಾಗದದಲ್ಲಿ ಇಲ್ಲ ಎಂದಾಗ ಮಾತ್ರ ಇಲ್ಲಿಗೆ ಬನ್ನಿ. ಕಲರ್ ಶಾಯಿ ಮುಗಿದಿದೆಯೇ ನೋಡಿ. ಅಕ್ಷರಕ್ಕೆ ಕಪ್ಪು ಶಾಯಿ ಸಾಕು, ಫೋಟೋಗೆ ಬಣ್ಣದ ಶಾಯಿಗಳೂ ಬೇಕು. ಹಾಗಾಗಿ ಅಕ್ಷರ ಚೆನ್ನಾಗಿದ್ದು ಫೋಟೋ ಮಾತ್ರ ಮಸುಕಾಗಿದ್ದರೆ ಅಥವಾ ಬರೀ ಗುಲಾಬಿಯಾಗಿದ್ದರೆ ನಾಝಲ್ ಚೆಕ್ ಪುಟ ತೆಗೆದು ನೋಡಿ. ಶಾಯಿ ಸರಿ ಇದ್ದರೆ ಆ ಒಂದು ಪುಟವನ್ನು ಮಾತ್ರ ಪ್ರಿಂಟ್‌ಗೆ ಕೊಡಿ. ಹಳೆಯ ಪ್ರಿಂಟರ್‌ಗಳ ಮೆಮೊರಿಗೆ ದೊಡ್ಡ ಚಿತ್ರಗಳಿರುವ ಫೈಲ್ ಭಾರವಾಗುತ್ತದೆ. ಡ್ರೈವರ್ ಹಳೆಯದಾಗಿದ್ದರೆ ಹೊಸದನ್ನು ಹಾಕಿ.

ಪ್ರಿಂಟ್ ಆ್ಯಸ್ ಇಮೇಜ್ ಎಂಬ ಸಸ್ಪೆನ್ಸ್ ಅಕೌಂಟ್

ನಾಲ್ಕನೇ ನಿಲ್ದಾಣದಲ್ಲಿ ಒಂದು ಪ್ರಸಿದ್ಧ ಔಷಧಿ ಇದೆ. ರೀಡರ್‌ನ ಪ್ರಿಂಟ್ ವಿಂಡೋದಲ್ಲಿ "ಅಡ್ವಾನ್ಸ್ಡ್" ಒತ್ತಿ "ಪ್ರಿಂಟ್ ಆ್ಯಸ್ ಇಮೇಜ್" ಟಿಕ್ ಮಾಡುವುದು. ಮಾಮೂಲಿಯಾಗಿ ರೀಡರ್ ಅಕ್ಷರ, ಚಿತ್ರ, ನೆರಳುಗಳ ಸೂಚನೆಯನ್ನು ಪ್ರಿಂಟರ್‌ಗೆ ಕೊಟ್ಟು "ನೀನೇ ಜೋಡಿಸಿಕೋ" ಎನ್ನುತ್ತದೆ. ಈ ಟಿಕ್ ಹಾಕಿದರೆ ಇಡೀ ಪುಟವನ್ನು ಕಂಪ್ಯೂಟರ್‌ನಲ್ಲೇ ಒಂದು ಚಿತ್ರವಾಗಿ ಮಾಡಿ ಕಳುಹಿಸುತ್ತದೆ. ಪ್ರಿಂಟರ್‌ಗೆ ಜೋಡಿಸುವ ಕಷ್ಟವಿಲ್ಲ. ಒಂದು ಶಾದಿ ಕಾರ್ಡ್‌ನಲ್ಲಿ ಹೂವಿನ ಹಿಂದೆ ತೆಳುವಾದ ನೆರಳು ಕೊಟ್ಟಿದ್ದರು. ಪ್ರಿವ್ಯೂ ಸರಿ ಇತ್ತು, ಕಾಗದದಲ್ಲಿ ಹೂವಿನ ಜಾಗ ಬರೀ ಬಿಳಿ. ಇದನ್ನು ಟಿಕ್ ಮಾಡಿ 300 ಡಿಪಿಐ ಇಟ್ಟಾಗ ಹೂವು ಬಂತು.

ಹಾಗಾದರೆ ಎಲ್ಲಕ್ಕೂ ಇದನ್ನೇ ಹಾಕಬಾರದೇ? ಬೇಡ. ಅಕ್ಷರವೂ ಚಿತ್ರವಾಗಿ ಹೋಗುವುದರಿಂದ ಅಂಚು ಸ್ವಲ್ಪ ಮಸುಕಾಗಬಹುದು, ಪ್ರಿಂಟ್ ನಿಧಾನವಾಗುತ್ತದೆ. ಇದು ನಮ್ಮ ಸಸ್ಪೆನ್ಸ್ ಅಕೌಂಟ್ ಇದ್ದಂತೆ. ವ್ಯತ್ಯಾಸವನ್ನು ಅದರಲ್ಲಿ ಹಾಕಿದರೆ ತಾಳೆಪಟ್ಟಿ ಇವತ್ತಿಗೆ ಸರಿಹೋಗುತ್ತದೆ, ಆದರೆ ತಪ್ಪು ಹಾಗೇ ಇರುತ್ತದೆ. ತುರ್ತಿಗೆ ಬಳಸಿ, ಆಮೇಲೆ ಕಾರಣ ಹುಡುಕಿ. ನನ್ನ ವಿಷಯದಲ್ಲಿ ಅದು ಕೆಲಸ ಮಾಡಲಿಲ್ಲ ಏಕೆಂದರೆ ಚಿತ್ರವಾಗಿ ಮಾಡುವ ಮೊದಲೇ ನಾನು ಫೋಟೋವನ್ನು ಹೊರಗಿಟ್ಟಿದ್ದೆ. ಇಲ್ಲದ್ದನ್ನು ಯಾವ ಟಿಕ್ ಕೂಡ ತರಲಾರದು.

ಅಂಗಡಿಗೆ ಬರುವ ಮುನ್ನ

ಗೆಳೆಯರೇ, ಪ್ರಾಜೆಕ್ಟ್ ಸಮಯದಲ್ಲಿ ಇಷ್ಟು ನೆನಪಿಡಿ:

• ಚಿತ್ರವನ್ನು ವರ್ಡ್‌ನಲ್ಲೇ ಸೇರಿಸಿ. ಪಿಡಿಎಫ್ ಮಾಡಿದ ಮೇಲೆ ಫೋನಿನಲ್ಲಿ ಅಂಟಿಸಬೇಡಿ.
• ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ತನ್ನಿ.
• ಪಿಡಿಎಫ್‌ಗೆ ಆಮೇಲೆ ಏನಾದರೂ ಸೇರಿಸಿದ್ದರೆ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಅವರಿಗೆ ತೆರೆ ನೋಡಿ ಗೊತ್ತಾಗುವುದಿಲ್ಲ.
• ಚಿತ್ರವಿರುವ ಒಂದು ಪುಟವನ್ನು ಮೊದಲು ತೆಗೆಸಿ ನೋಡಿ. ಸರಿ ಇದ್ದರೆ ಉಳಿದದ್ದು.
• ಬೈಂಡಿಂಗ್‌ಗೆ ಕೊಡುವ ಮೊದಲು ಎಲ್ಲ ಪುಟ ತಿರುವಿ ನೋಡಿ. ಎರಡು ನಿಮಿಷ ಸಾಕು.

ಕೊನೆಯ ಮಾತನ್ನು ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ. ಅಂಗಡಿಯಲ್ಲಿ ನಮಗೆ ಅದು ಇಪ್ಪತ್ತೆರಡು ಪುಟದ ಒಂದು ಫೈಲ್. ತಂದವರಿಗೆ ಅದರಲ್ಲಿ ಏನಿದೆ ಎಂಬುದು ನಮಗೆ ಗೊತ್ತಿರುವುದಿಲ್ಲ.

ಆ ರಾತ್ರಿ ಒಂಬತ್ತನೇ ಪುಟದ ಇನ್ನೊಂದು ಪ್ರತಿ ತೆಗೆದೆ. ಅದಕ್ಕೆ ಮಾಮು ದುಡ್ಡು ತೆಗೆದುಕೊಳ್ಳಲಿಲ್ಲ. ಗೆಳೆಯನ ಜೊತೆ ನಾನೇ ಅವರ ಮನೆಗೆ ಹೋಗಿ ಖಾಲಾ ಕೈಗೆ ಕೊಟ್ಟು, "ನಾವು ತೆಗೆದಿದ್ದಲ್ಲ ಖಾಲಾ, ನಾನು ತಪ್ಪು ಗುಂಡಿ ಒತ್ತಿದ್ದೆ, ಮಾಫ್ ಮಾಡಿ" ಎಂದೆ. ಅವರು ದೀಪದ ಕೆಳಗೆ ಹಿಡಿದು ನೋಡಿದರು. "ಕೈ ಇನ್ನೂ ಬೆಳ್ಳಗೇ ಕಾಣುತ್ತೆ" ಎಂದು ನಕ್ಕರು. ಆಮೇಲೆ ಆ ಪುಟವನ್ನು ಮಡಚದೆ ರೇಷನ್ ಕಾರ್ಡ್ ಇಡುವ ಕವರಿನೊಳಗೆ ಇಟ್ಟರು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ